ಹಲ್ಲಿಯ ಸಾಕ್ಷಿ

ಪ್ರಯೋಗಾಲಯವೊಂದರಲ್ಲಿ ಮಾತು ಕೇಳಿ ಬರೆದುಕೊಳ್ಳುವ ಯಂತ್ರವೊಂದು ತಯಾರಾಗುತ್ತಿತ್ತು. ಆಸ್ಪತ್ರೆಗೆ ಫೋನ್ ಮಾಡುವವರ ತೊಂದರೆಯನ್ನು ಡಾಕ್ಟರಿಗೆ ಬರೆದು ತಿಳಿಸುವುದು ಅದರ ಕೆಲಸ. ಅದು ಏನು ಬರೆದರೂ ಗೋಡೆಯ ಮೇಲಿದ್ದ ಹಲ್ಲಿ ಲೊಚಗುಟ್ಟುತ್ತಿತ್ತು. ಹಲ್ಲಿ ನುಡಿದರೆ ಮಾತು ನಿಜವೆಂದು ಯಾರೋ ಅಂದದ್ದನ್ನು ಯಂತ್ರ ಕೇಳಿಸಿಕೊಂಡಿತ್ತು. ಹಾಗಾಗಿ ತನ್ನಲ್ಲಿ ತಪ್ಪೇ ಇಲ್ಲವೆಂಬ ಜಂಬ ಅದಕ್ಕೆ ಬಂದಿತ್ತು.

ಒಂದು ದಿನ ಸಂಶೋಧಕಿ ವಾರಿಜಾ, ಯಂತ್ರವನ್ನು ಪರೀಕ್ಷಿಸಲೆಂದು ಕಲಘಟಗಿಯ ನೀಲವ್ವನನ್ನು ಕರೆಸಿ ಅದರ ಮುಂದೆ ಕೂರಿಸಿದಳು.

"ಹೊಟ್ಟಿ ಕಡಿಯಾಕ ಹತ್ತೇತ್ರಿ," ಎಂದಳು ನೀಲವ್ವ.

ಕಡಿಯುವುದೆಂದರೆ ಹಾವೇ ಇರಬೇಕೆಂದು ತೀರ್ಮಾನಿಸಿ ಯಂತ್ರ ಬರೆಯಿತು: "ಹೊಟ್ಟೆಗೆ ಹಾವು ಕಡಿದಿದೆ." ಹಲ್ಲಿ ಲೊಚಗುಟ್ಟಿತು.

ವಾರಿಜಾ ಅದನ್ನು ಓದಿ ಹೇಳಿದಾಗ ನೀಲವ್ವ ಸೆರಗನ್ನು ಬಾಯಿಗಿಟ್ಟುಕೊಂಡು ನಕ್ಕಳು. "ಹಾವಲ್ರೀ, ಹೊಟ್ಟಿ ನೋವು. ಇದನ್ನ ನಂಬಿದ್ರ ಡಾಕ್ಟರು ಹಾವಿನ ಇಂಜೆಕ್ಷನ್ನ ಚುಚ್ಚತಾರ."

ಯಂತ್ರ ಹಲ್ಲಿಯ ಮೇಲೆ ಸಿಟ್ಟಾಯಿತು. "ನೀನು ಸುಳ್ಳು ಸಾಕ್ಷಿ ಹೇಳಿದೆ."

"ನಿನಗೆ ಸಾಕ್ಷಿ ಹೇಳಿದವರು ಯಾರು?" ಎಂದಿತು ಹಲ್ಲಿ. "ಆಚೆ ಗೋಡೆಯ ಮೇಲೆ ನನ್ನ ಹೆಂಡತಿ ಇದ್ದಾಳೆ. ನಾನು ಅವಳನ್ನು ಕರೆಯುತ್ತಿದ್ದೆ."

ಯಂತ್ರ ಬರೆದದ್ದನ್ನೆಲ್ಲ ಅಳಿಸಿ ನೀಲವ್ವನಿಗೆ ಹೇಳಿತು: "ಯವ್ವಾ, ಇನ್ನೊಮ್ಮೆ ಹೇಳ್ರಿ. ತಪ್ಪಾದ್ರ ಮತ್ತ ನಗ್ರಿ."

ನೀಲವ್ವ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು.