ದರ್ಜಿಯ ಎಂಜಿನ್ನು

"ಗುರುಗಳೇ, ಪ್ರೀತಿಯಿಂದ ಮಾಡಿದ್ದಕ್ಕೂ ಪಶ್ಚಾತ್ತಾಪ ಪಡಬೇಕಾಗುತ್ತದೆಯೇ?" ಎಂದು ಶಿಷ್ಯ ಚನ್ನಮಲ್ಲ ಕೇಳಿದ.

ಗುರುಗಳು ಅವನ ಮುಖ ನೋಡಿದರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಕಬ್ಬಿಣ ಕಡೆಯುವ ಒಬ್ಬ ಲೇತ್ ಕೆಲಸಗಾರನೂ ಒಬ್ಬ ದರ್ಜಿಯೂ ಗೆಳೆಯರಾಗಿದ್ದರು. ದರ್ಜಿಗೆ ಒಂದೇ ಒಂದು ಹುಚ್ಚು. ಅವನ ಹತ್ತಿರ ಮೊಳದುದ್ದದ ಒಂದು ಕಾರು ಇತ್ತು. ಕೈಯಲ್ಲಿ ರಿಮೋಟ್ ಹಿಡಿದು ದೂರದಿಂದ ಓಡಿಸುವಂಥದು. ಆಟಿಕೆ ಎಂದು ನಗುವವರು ನಗುತ್ತಿದ್ದರು. ಆದರೆ ಅದರೊಳಗೆ ಇದ್ದದ್ದು ನಿಜವಾದ ಎಂಜಿನ್ನು. ನಿಂಬೆಹಣ್ಣಿನಷ್ಟು ಗಾತ್ರ, ನೈಟ್ರೋ ಎಂಬ ಇಂಧನ ಕುಡಿದು ಓಡುತ್ತಿತ್ತು.

ಇಂಥ ಎಂಜಿನ್ನನ್ನು ಹೊಸದರಲ್ಲೇ ಜೋರಾಗಿ ಓಡಿಸುವಂತಿಲ್ಲ. ದರ್ಜಿ ಅದನ್ನು ಹನ್ನೆರಡು ಬೆಳಗು ಪಳಗಿಸಿದ್ದ. ಒಂದು ಟ್ಯಾಂಕು ಇಂಧನ ತೀರುವವರೆಗೆ ನಿಧಾನವಾಗಿ ಓಡಿಸುವುದು, ಪೂರ್ತಿ ತಣ್ಣಗಾಗುವವರೆಗೆ ಪಕ್ಕದಲ್ಲೇ ಕೂತಿರುವುದು, ಮತ್ತೆ ಓಡಿಸುವುದು. ಎಳೆಮಗುವಿಗೆ ಅನ್ನ ರೂಢಿ ಮಾಡಿಸಿದ ಹಾಗೆ.

ಕೆಲವು ವರ್ಷ ಕಳೆದವು. ದರ್ಜಿಯ ಕೈ ನಡುಗತೊಡಗಿತು. ಇದು ನರದ ರೋಗ, ಬಂದದ್ದು ಹೋಗುವುದಿಲ್ಲ ಎಂದರು ವೈದ್ಯರು. ಮೊದಲು ಸೂಜಿಗೆ ದಾರ ಪೋಣಿಸಲು ಆಗದೆ ಹೋಯಿತು. ಆಮೇಲೆ ಕತ್ತರಿ ಹಿಡಿಯಲು. ಕೊನೆಗೆ ರಿಮೋಟ್ ಹಿಡಿಯಲು. ಒಂದು ಭಾನುವಾರ ಅವನು ಕಾರನ್ನು ತಂದು ಗೆಳೆಯನ ಮುಂದೆ ಇಟ್ಟ.

"ಇನ್ನು ಮೇಲೆ ನೀನೇ ಓಡಿಸು. ನಾನು ಕುರ್ಚಿ ಹಾಕಿಕೊಂಡು ಅದರ ಸದ್ದು ಕೇಳುತ್ತಾ ಕೂತಿರುತ್ತೇನೆ. ಅಷ್ಟು ಸಾಕು ನನಗೆ. ಆದರೆ ಹೊಗೆ ನಿಲ್ಲದ ಹಾಗೆ ನೋಡಿಕೊ."

ಅವನು ಹೊಗೆಯ ಮಾತಾಡಿದ್ದಕ್ಕೆ ಕಾರಣವಿತ್ತು. ಈ ಎಂಜಿನ್ನಿಗೆ ಎಣ್ಣೆಯನ್ನು ಬೇರೆಯಾಗಿ ಹಾಕುವುದಿಲ್ಲ. ಅದು ಇಂಧನದಲ್ಲೇ ಬೆರೆತಿರುತ್ತದೆ. ಇಂಧನದ ದಾರಿಯಲ್ಲಿ ಒಂದು ಸಣ್ಣ ಸ್ಕ್ರೂ ಇದೆ. ಅದನ್ನು ಬಿಗಿದರೆ ಒಳಗೆ ಹೋಗುವ ಇಂಧನ ಕಡಿಮೆಯಾಗಿ ಕಾರು ಚುರುಕಾಗುತ್ತದೆ. ಆದರೆ ಇಂಧನದ ಜೊತೆಗೆ ಎಣ್ಣೆಯೂ ಕಡಿಮೆಯಾಗುತ್ತದೆ, ಕಾವು ಏರುತ್ತದೆ. ಹಿಂದೆ ತೆಳ್ಳನೆಯ ಹೊಗೆ ಬರುತ್ತಿದ್ದರೆ ಒಳಗೆ ಎಣ್ಣೆ ಇದೆ ಎಂದರ್ಥ. ಕಾವು ನೋಡಲು ದರ್ಜಿ ಎಂಜಿನ್ನಿನ ತಲೆಯ ಮೇಲೆ ಒಂದು ಹನಿ ನೀರು ಬಿಡುತ್ತಿದ್ದ. ನಾಲ್ಕು ಎಣಿಸುವಷ್ಟು ಹೊತ್ತು ಕುದಿದು ಆರಿದರೆ ಸರಿ. ಬಿದ್ದ ಕ್ಷಣವೇ ಹಾರಿಹೋದರೆ ಕಾವು ಮೀರಿದೆ.

ಲೇತ್ ಕೆಲಸಗಾರ ಇದನ್ನೆಲ್ಲ ಬಲ್ಲವನು. ಮೊದಮೊದಲು ಹಾಗೆಯೇ ನಡೆದುಕೊಂಡ. ಪ್ರತಿ ಭಾನುವಾರ ಕಾರು ಹೊಗೆ ಬಿಡುತ್ತಾ ಮೈದಾನ ಸುತ್ತುತ್ತಿತ್ತು. ದರ್ಜಿ ಕಣ್ಣು ಮುಚ್ಚಿ ಕೂತಿರುತ್ತಿದ್ದ. ಗೆಳೆಯನ ಕೈ ಎರಡು ತೊಡೆಗಳ ನಡುವೆ ಅಡಗಿ ನಡುಗುವುದನ್ನು ಲೇತ್ ಕೆಲಸಗಾರ ನೋಡುತ್ತಿದ್ದ. ನೋಡಿ ನೋಡಿ ಅವನ ಮನಸ್ಸಿಗೆ ಒಂದು ಆಸೆ ಬಂತು. ಈ ವರ್ಷ ಇಂಥ ಕಾರುಗಳ ಓಟದ ಸ್ಪರ್ಧೆಯಲ್ಲಿ ಈ ಕಾರು ಗೆಲ್ಲಬೇಕು. ಕಪ್ ತಂದು ಗೆಳೆಯನ ತೊಡೆಯ ಮೇಲೆ ಇಡಬೇಕು. ಅದನ್ನು ಅವನು ಯಾರಿಗೂ ಹೇಳಲಿಲ್ಲ. ವಾರಕ್ಕೆ ಕೂದಲೆಳೆಯಷ್ಟು ಸ್ಕ್ರೂ ಬಿಗಿಯುತ್ತಾ ಬಂದ.

ಸ್ಪರ್ಧೆಯ ದಿನ ಕೊನೆಯ ಸಲ ಇಂಧನ ತುಂಬಲು ಕಾರನ್ನು ಎತ್ತಿಕೊಂಡಾಗ ಅದು ಮೂರನೆಯ ಸ್ಥಾನದಲ್ಲಿತ್ತು. ಅವನು ಒಂದು ಹನಿ ನೀರು ಬಿಟ್ಟ. ಹನಿ ತಾಕುವ ಮೊದಲೇ ಹಾರಿದ ಹಾಗಾಯಿತು. ಸ್ಕ್ರೂಡ್ರೈವರ್ ಅವನ ಕೈಯಲ್ಲೇ ಇತ್ತು. ಕಾಲು ಸುತ್ತು ಸಡಿಲಿಸಿದ್ದರೆ ಮೂರನೆಯ ಸ್ಥಾನ ಉಳಿಯುತ್ತಿತ್ತು, ಎಂಜಿನ್ನೂ ಉಳಿಯುತ್ತಿತ್ತು.

"ಹೊಗೆ ಕಾಣುತ್ತಿಲ್ಲವಲ್ಲೋ," ಎಂದ ದರ್ಜಿ ಕುರ್ಚಿಯಿಂದ.

"ಇದೆ ಕಣೋ. ಬಿಸಿಲಿಗೆ ಕಾಣುತ್ತಿಲ್ಲ, ಅಷ್ಟೆ."

ಹಾಗೆಂದವನು ಸ್ಕ್ರೂವನ್ನು ಇನ್ನೂ ಕೊಂಚ ಬಿಗಿದು ಕಾರನ್ನು ಕೆಳಗೆ ಬಿಟ್ಟ.

ಆ ಎಂಜಿನ್ನು ಅಂದು ಹಾಡಿದ ಹಾಗೆ ಎಂದೂ ಹಾಡಿರಲಿಲ್ಲ. ಕಾರು ಒಂದನ್ನು ಹಿಂದೆ ಹಾಕಿತು, ಇನ್ನೊಂದನ್ನು ಹಿಂದೆ ಹಾಕಿತು. ಜನ ಎದ್ದು ನಿಂತರು. ಸಾಯುವ ಎಂಜಿನ್ನು ಸಾಯುವ ಮುಂಚೆ ಎಲ್ಲಕ್ಕಿಂತ ಚೆನ್ನಾಗಿ ಓಡುತ್ತದೆ ಎಂಬುದು ಅವನಿಗೆ ಗೊತ್ತಿಲ್ಲದ ವಿಷಯವಲ್ಲ. ಗೊತ್ತಿದ್ದೂ ರಿಮೋಟ್ ಒತ್ತಿ ಹಿಡಿದಿದ್ದ ಅವನ ಬೆರಳು ಸಡಿಲವಾಗಲಿಲ್ಲ. ಕಾರು ಗೆರೆ ದಾಟಿತು. ದಾಟಿ ಹತ್ತು ಮಾರು ಹೋಗಿ, ಕೀರೆಂದು ಕಿರುಚಿ ನಿಂತುಬಿಟ್ಟಿತು.

ಅವನು ಕಪ್ಪನ್ನು ತಂದು ಗೆಳೆಯನ ತೊಡೆಯ ಮೇಲೆ ಇಟ್ಟ. ದರ್ಜಿ ಅದರ ಕಡೆ ನೋಡಲಿಲ್ಲ.

"ಅದನ್ನು ಒಂದು ಸಲ ಚಾಲೂ ಮಾಡು," ಎಂದ.

ಲೇತ್ ಕೆಲಸಗಾರ ಎಂಜಿನ್ನು ಚಾಲೂ ಮಾಡುವ ಹಗ್ಗ ಎಳೆದ. ಹಗ್ಗ ಬರಲಿಲ್ಲ. ಮತ್ತೆ ಎಳೆದ. ಪಿಸ್ಟನ್ ಒಳಗೆ ಕಚ್ಚಿಕೊಂಡಿತ್ತು. ಮೂರನೆಯ ಸಲ ಎಳೆಯಲು ಬಾಗಿದಾಗ ದರ್ಜಿ ತನ್ನ ನಡುಗುವ ಕೈಯನ್ನು ಅವನ ಭುಜದ ಮೇಲೆ ಇಟ್ಟ.

"ಬಿಡು. ಕೈ ಸುಟ್ಟುಕೊಂಡೀಯೆ."

ದರ್ಜಿ ಬೈದಿದ್ದರೆ ಗೆಳೆಯನ ಎದೆ ಹಗುರವಾಗುತ್ತಿತ್ತು. ಅವನು ಬೈಯಲಿಲ್ಲ. ಆದರೆ ಮುಂದಿನ ಭಾನುವಾರ ಮೈದಾನಕ್ಕೆ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ.

ಲೇತ್ ಕೆಲಸಗಾರ ಹೊಸ ಎಂಜಿನ್ನು ತಂದು ಕೂರಿಸಿದ. ಹನ್ನೆರಡು ಬೆಳಗು ಕೂತು ಅದನ್ನು ಪಳಗಿಸಿದ. ಒಂದು ದಿನವನ್ನೂ ತಪ್ಪಿಸಲಿಲ್ಲ, ಒಂದು ಹನಿಯನ್ನೂ ಎಣಿಸದೆ ಬಿಡಲಿಲ್ಲ. ಆಮೇಲೆ ಕಾರನ್ನು ದರ್ಜಿಯ ಮನೆಯ ಅಂಗಳಕ್ಕೆ ತಂದು ಚಾಲೂ ಮಾಡಿದ. ಅಷ್ಟು ಹೊತ್ತಿಗೆ ದರ್ಜಿ ಹಾಸಿಗೆ ಹಿಡಿದಿದ್ದ. ಹೆಂಡತಿ ಅವನನ್ನು ಎಬ್ಬಿಸಿ ಕಿಟಕಿಯ ಹತ್ತಿರ ಕೂರಿಸಿದಳು. ಅಂಗಳದ ತುಂಬ ಹೊಗೆ ತುಂಬಿತು. ದರ್ಜಿ ಸ್ವಲ್ಪ ಹೊತ್ತು ಕಿವಿಗೊಟ್ಟ.

"ಚೆನ್ನಾಗಿದೆ," ಎಂದ. ಬೇರೆಯವರ ಮಗುವನ್ನು ಹೊಗಳುವವರು ಹೇಳುವ ಹಾಗೆ ಹೇಳಿದ.

ಆ ಮಳೆಗಾಲ ಮುಗಿಯುವ ಮುಂಚೆ ದರ್ಜಿ ತೀರಿಕೊಂಡ. ಲೇತ್ ಕೆಲಸಗಾರ ಇಂದಿಗೂ ಭಾನುವಾರ ಆ ಕಾರನ್ನು ಓಡಿಸುತ್ತಾನೆ. ಗೆಲ್ಲುವುದಿಲ್ಲ. ಯಾರಾದರೂ ಸ್ಕ್ರೂ ಸ್ವಲ್ಪ ಬಿಗಿ ಎಂದರೆ ಎಂಜಿನ್ನಿನ ತಲೆಯ ಮೇಲೆ ಒಂದು ಹನಿ ನೀರು ಬಿಟ್ಟು ಎಣಿಸತೊಡಗುತ್ತಾನೆ.

ಗುರುಗಳು ಕತೆ ನಿಲ್ಲಿಸಿದರು.

"ಆದರೂ ಗುರುಗಳೇ, ಅವನು ಮಾಡಿದ್ದೆಲ್ಲ ಗೆಳೆಯನಿಗಾಗಿಯೇ ಅಲ್ಲವೇ?"

"ಹೌದು," ಎಂದರು ಗುರುಗಳು. "ನೀನು ಪ್ರೀತಿಯಿಂದ ಏನೋ ಮಾಡಲು ಹೋಗಿ ಯಾರ ಮಾತು ಕೇಳದೆ ಬಂದೆ, ಚನ್ನಮಲ್ಲ?"