ಕೌದಿಯ ನಡುವೆ ಕೂತ ದೇವಿ

ಹಾಲು ಕದಿಯುವ ಬೆಕ್ಕು ದೇವಿಯಾದ ಸುದ್ದಿ ನಿಮಗೆ ಗೊತ್ತಿಲ್ಲವೇನು? ನಾಲ್ಕು ದಿನ ಬಿಡುವು ಸಿಕ್ಕಿತೆಂದು ಫಕೀರವ್ವ ಹಳೇ ಸೀರೆಗಳನ್ನು ನೆಲಕ್ಕೆ ಹಾಸಿ, ಮೊಮ್ಮಗಳಿಗೆ ಕೌದಿ ಹೊಲಿಯಲು ಕೂತಳು. ಹಾಸಿದ್ದೇ ತಡ, ಬೆಕ್ಕು ಬಂದು ನಟ್ಟನಡುವೆ ಮಲಗಿತು. ಓಣಿಯ ಹಾಲೆಲ್ಲ ಕುಡಿದ ಹೊಟ್ಟೆ ಅದು, ಸುಮ್ಮನೆ ಏಳುತ್ತದೆಯೇ? ಸೂಜಿ ಅಂಚಿನಿಂದ ಸುತ್ತು ಹಾಕತೊಡಗಿತು.

ಬೆಕ್ಕು ಸೂಜಿಯತ್ತ ಮೀಸೆ ಕುಣಿಸಿತು. "ಊರೆಲ್ಲ ನನ್ನ ಕಳ್ಳಿ ಅಂತದ. ನೀನೊಬ್ಬಳೇ ನೋಡು, ದೇವಿ ಅಂತ ತಿಳಿದು ಪ್ರದಕ್ಷಿಣೆ ಹಾಕಾಕತ್ತೀದಿ!"

"ಏಳವ್ವ ತಾಯಿ," ಎಂದಿತು ಸೂಜಿ. "ನಡುವೆ ಹೊಲಿಗೆ ಬೀಳದಿದ್ದರ ಕೂಸಿನ ಎದಿಗೆ ಚಳಿ ಹೊಕ್ಕತದ."

"ದೇವಿ ಎಲ್ಲರೆ ಗದ್ದಿಗಿ ಬಿಟ್ಟು ಏಳ್ತಾಳೇನ?"

ಸೂಜಿ ಹೊಲಿಯುತ್ತಲೇ ಹೋಯಿತು. ಸುತ್ತು ಸಣ್ಣದಾಗುತ್ತ ಬಂದು, ಕೊನೆಗೆ ಅದರ ಮೊನೆ ದೇವಿಯ ಬಾಲಕ್ಕೇ ಚುಚ್ಚಿತು.

ಚೀರಿ ಅಟ್ಟಕ್ಕೆ ಹಾರಿದ ಬೆಕ್ಕು, ಬೈಯಲೆಂದು ಬಾಯಿ ತೆರೆದು ಕೆಳಗೆ ನೋಡಿತು. ತೆರೆದ ಬಾಯಿ ತೆರೆದೇ ಉಳಿಯಿತು. ಬಾವಿಗೆ ಕಲ್ಲು ಬಿದ್ದಾಗ ಏಳುವ ಅಲೆಗಳ ಹಾಗೆ, ಕೌದಿಯ ತುಂಬ ಸುತ್ತಿನೊಳಗೊಂದು ಸುತ್ತು! ನಡುವೆ ಕೂತ ದೇವಿಗೆ ಇದೊಂದೂ ಕಂಡಿರಲಿಲ್ಲ.

ಬೆಕ್ಕು ಸದ್ದಿಲ್ಲದೆ ಇಳಿದು ಬಂತು. ಕೌದಿಗೆ ಕಾಲು ತಾಗದಂತೆ, ಅಂಚಿನಗುಂಟ ತಾನೇ ಒಂದು ಪ್ರದಕ್ಷಿಣೆ ಹಾಕಿತು.