ಹಲ್ಲಿ ಲೊಚಗುಟ್ಟಿದ ಸುದ್ದಿ

ಕಾಡಿನ ಸರ್ಕಾರಿ ಕಚೇರಿಯಲ್ಲಿ ಗಿಳಿ ಬ್ಲಾಗ್ ಬರೆಯುತ್ತಿತ್ತು. ಹಾಕುವ ಮುಂಚೆ ಗಟ್ಟಿಯಾಗಿ ಓದುವುದು ಪದ್ಧತಿ. ಆಗ ಗೋಡೆಯ ಮೇಲಿನ ಹಲ್ಲಿ ಲೊಚಗುಟ್ಟಿದರೆ ಬರೆದದ್ದು ನಿಜವೆಂದು ಎಲ್ಲರೂ ನಂಬುತ್ತಿದ್ದರು.

"ಮೂಡಣ ಕೆರೆಗೆ ನೀರು ತುಂಬಿಸಲಾಗಿದೆ," ಎಂದು ಗಿಳಿ ಓದಿತು. ಹಲ್ಲಿ ಲೊಚಗುಟ್ಟಿತು.

ಮರುದಿನ ಕಪ್ಪೆ ಏದುಸಿರು ಬಿಡುತ್ತ ಬಂತು. "ಕೆರೆಯಲ್ಲಿ ಬರೀ ಕೆಸರು, ಗಿಳಿಯಪ್ಪ! ನನ್ನ ಮಕ್ಕಳು ಅಲ್ಲಿ ಒಣಗ್ತಾ ಇವೆ."

"ಆದೇಶ ಆಗಿದೆ ಕಣಮ್ಮ. ನಮ್ಮಲ್ಲಿ ಆದೇಶ ಆದರೆ ಕೆಲಸ ಆದ ಹಾಗೇ."

"ನಿನ್ನ ಮಾತು ಯಾರು ನಂಬಿದ್ರು? ನಾನು ಮಕ್ಕಳನ್ನ ಕಟ್ಕೊಂಡು ಆ ಕೆರೆಗೆ ಹೊರಟಿದ್ದು ಹಲ್ಲಿಯಮ್ಮ ಹೂಂ ಅಂದದ್ದಕ್ಕೆ."

ಹಲ್ಲಿ ತಲೆ ತಗ್ಗಿಸಿತು. "ನಾನು ಕೇಳಿಸಿಕೊಂಡೇ ಇರಲಿಲ್ಲ, ತಾಯಿ. ಹುಳ ಕಂಡು ಬಾಯಿ ಚಪ್ಪರಿಸಿದೆ. ಎಲ್ಲರೂ ಕೈ ಮುಗಿದ್ರು. ಹಿತವಾಗಿತ್ತು, ಸುಮ್ಮನಿದ್ದೆ."

ಕಿಟಕಿಯಾಚೆ ಇನ್ನಷ್ಟು ಕಪ್ಪೆಗಳು ಮಕ್ಕಳೊಂದಿಗೆ ಅದೇ ಕೆರೆಗೆ ಹೊರಟು ನಿಂತಿದ್ದವು. "ಕೆರೆ ಒಣಗಿದೆ, ಹೋಗಬೇಡಿ!" ಎಂದು ಹಲ್ಲಿ ಕೂಗಿತು.

ಅವು ಲೊಚಗುಟ್ಟುವ ಸದ್ದಿಗಾಗಿ ಕಿವಿಗೊಟ್ಟವು. ಲೊಚಗುಟ್ಟಲು ಹೋದ ಹಲ್ಲಿಯ ಬಾಯಿ ನಾಚಿಕೆಯಿಂದ ಒಣಗಿತ್ತು.

"ಈ ಮಾತಿಗೆ ಹಲ್ಲಿ ಲೊಚಗುಟ್ಟಲಿಲ್ಲ, ಸುಳ್ಳೇ ಇರಬೇಕು," ಎನ್ನುತ್ತ ಕಪ್ಪೆಗಳು ಕೆರೆಯ ದಾರಿ ಹಿಡಿದವು.